ಎರಡು ಬೆರಳು ಹತ್ತಿ

ಹೊಲಿಗೆ ಕೋಣೆಯಿಂದ,
ಹತ್ತನೇ ತಾರೀಖು, ಬುಧವಾರ

ಮುದ್ದಿನ ಗುಂಡಣ್ಣಾ,

ನಿನ್ನ ಕುತ್ತಿಗೆ ನೋವು ಹೇಗಿದೆ? ಬಗ್ಗಿ ಬರೆಯಬೇಡ, ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಕೋ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ರಾಕ್ಷಸರನ್ನು ಕೊಲ್ಲುವ ಭರದಲ್ಲಿ ಊಟ ಬಿಡಬೇಡ. ಅವರೇನೂ ಓಡಿಹೋಗುವುದಿಲ್ಲ, ನೀನು ಉಂಡು ಬರುವವರೆಗೆ ಕಾಯುತ್ತಾರೆ. ನನ್ನ ಮೊಣಕಾಲು ಹಾಗೇ ಇದೆ. ಹೊಲಿಗೆ ಮೆಷಿನ್ನು ಮಾತ್ರ ನನಗಿಂತ ಗಟ್ಟಿ.

ಭಾನುವಾರ ರೇಡಿಯೋದಲ್ಲಿ ನಿನ್ನ ಮಾತು ಕೇಳಿದೆ. ಆಮೇಲೆ ನೀನು ಫೋನು ಮಾಡಿದಾಗ ಚೆನ್ನಾಗಿತ್ತು ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಉಳಿದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಈ ಕಾಗದ. ಸಾಹಸದ ಕಥೆ, ಮಾಯಾಲೋಕದ ಕಥೆ ಬರೆಯುವವನು ನೀನು. ಮೆಚ್ಚಿನ ಪದ್ಯ ಯಾವುದು ಅಂತ ಕೇಳಿದವರು ದೊಡ್ಡ ದೊಡ್ಡ ಕವಿಗಳ ಹೆಸರು ಬರುತ್ತದೆ ಅಂದುಕೊಂಡಿದ್ದರೇನೋ. ನೀನು ಹೇಳಿದ್ದು ನಿನ್ನಮ್ಮ ಅಳತೆ ತೆಗೆಯುವಾಗ ಗುನುಗುವ ಪದ್ಯಗಳನ್ನು. ಬೇಕರಿಯವನದು ಬಂದಾಗ ನಾನೂ ನಕ್ಕೆ:

ಎದೆ ಮೂವತ್ತೆಂಟು, ಹೊಟ್ಟೆ ನಲವತ್ತೆಂಟು,
ಗುಂಡಿಗೂ ಕಾಜಕ್ಕೂ ಎಲ್ಲಿಯ ನಂಟು!

ಅವನಿಗೇನೂ ಬೇಜಾರಿಲ್ಲವಂತೆ. ಬಂದ ಗಿರಾಕಿಗೆಲ್ಲ ಹೊಟ್ಟೆ ತಟ್ಟಿಕೊಂಡು ತಾನೇ ಹೇಳಿ ತೋರಿಸುತ್ತಿದ್ದಾನಂತೆ. ಆದರೆ ಅದಾದ ಮೇಲೆ ನೀನು ಇನ್ನೊಂದು ಹೇಳಿದೆಯಲ್ಲ:

ಬಲದ ಹೆಗಲಲಿ ಬೆಳದಿಂಗಳು ಕೂತಿತ್ತು,
ಎಡದ ಹೆಗಲು ಬಾಗಿ ಬಾವಿಯ ನೋಡಿತ್ತು,
ಎರಡು ಬೆರಳು ಹತ್ತಿ ಗುಟ್ಟು ಕಾದಿತ್ತು.

"ನನಗೆ ಮೊದಲ ಪುಸ್ತಕ ಕೊಟ್ಟ ಲೈಬ್ರರಿ ಮೇಡಂ ಮೇಲೆ ಅಮ್ಮ ಕಟ್ಟಿದ್ದು ಇದು, ನನ್ನ ಕಾದಂಬರಿಯ ರಾಣಿಯ ಹೆಗಲ ಮೇಲೆ ಚಂದ್ರ ಬಂದು ಕೂತದ್ದು ಇಲ್ಲಿಂದಲೇ" ಅಂತ ಎಷ್ಟು ಪ್ರೀತಿಯಿಂದ ಹೇಳಿದೆ! ನಿನ್ನ ತಪ್ಪಿಲ್ಲ ಕಂದಾ. ನಿನಗದು ಮಾಯಾಲೋಕ, ನನಗದು ಅಳತೆ. ಮೇಡಂ ಅವರ ಎಡ ಹೆಗಲು ಹುಟ್ಟಿನಿಂದಲೇ ಎರಡು ಬೆರಳು ಕೆಳಗೆ. ಮೊದಲ ಕೋಟು ಹೊಲಿಸಲು ಬಂದ ದಿನ ಬಾಗಿಲು ಹಾಕಿಸಿ ತೋರಿಸಿದ್ದರು. ಅಂದಿನಿಂದ ಅವರ ಪ್ರತಿ ಕೋಟಿನ ಎಡ ಹೆಗಲಿನೊಳಗೂ ಹತ್ತಿ ಇಟ್ಟು ಹೊಲಿದವಳು ನಾನು. ಮೇಡಂ ನಿಲುವು ನೋಡಿ, ಎಷ್ಟು ನೆಟ್ಟಗೆ ಅಂತ ಬೀದಿಯೆಲ್ಲ ಹೊಗಳುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಿದ್ದೆವು.

ನಾನು ಅಳತೆಯನ್ನು ಬರೆದಿಡದೆ ಪದ್ಯ ಕಟ್ಟಿಕೊಳ್ಳುವುದೇ ಇದಕ್ಕೆ. ಬರೆದದ್ದು ಯಾರ ಕಣ್ಣಿಗಾದರೂ ಬೀಳುತ್ತದೆ, ಮೈಯ ಗುಟ್ಟು ದರ್ಜಿಯ ಹೊಟ್ಟೆಯಲ್ಲೇ ಕರಗಬೇಕು ಅಂತ ನನ್ನಮ್ಮ ಕಲಿಸಿದ್ದಳು. ಗುಂಡುಸೂಜಿ ಕಚ್ಚಿಕೊಂಡು ಗುನುಗಿದರೆ ಯಾರಿಗೂ ತಿಳಿಯದು ಅಂತ ನನ್ನ ನಂಬಿಕೆ. ಮೇಜಿನ ಕೆಳಗೆ ಚಿಂದಿಯಲ್ಲಿ ಆಡುತ್ತಿದ್ದ ನೀನು ಒಂದಕ್ಷರ ಬಿಡದೆ ಕಲಿತಿದ್ದೀಯ ಅಂತ ನನಗೇನು ಗೊತ್ತು?

ಗೊತ್ತಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬೆಳದಿಂಗಳ ಪದ್ಯ ಹೇಳಲಾ ಅಮ್ಮಾ ಅಂತ ನೀನು ಮೊದಲೇ ಕೇಳಿದೆ. ಬೇಡ ಅನ್ನಬೇಕಾದ ನಾನು, ರೇಡಿಯೋದಲ್ಲಿ ನನ್ನ ಪದ್ಯ ಬರುತ್ತದೆ ಅಂತ ಉಬ್ಬಿಹೋಗಿ, "ಹೇಳಪ್ಪ, ಗಟ್ಟಿಯಾಗೇ ಹೇಳು" ಅಂದೆ. ಮೇಡಂ ಬೇರೆ "ನಮ್ಮ ಹುಡುಗ ಮಾತಾಡ್ತಾನೆ, ಎಲ್ಲರೂ ಬನ್ನಿ" ಅಂತ ಲೈಬ್ರರಿಯಲ್ಲಿ ಕುರ್ಚಿ ಹಾಕಿಸಿ ಬೀದಿಯವರನ್ನೆಲ್ಲ ಕರೆದಿದ್ದರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಪದ್ಯ ಮುಗಿಯುವಷ್ಟರಲ್ಲಿ ಇಡೀ ಕೋಣೆಯ ಕಣ್ಣು ಅವರ ಎಡ ಹೆಗಲಿನ ಮೇಲೆ. ಅವರು ಎದ್ದುಹೋಗಲಿಲ್ಲ. ಕೊನೆಯವರೆಗೂ ಕೂತಿದ್ದು ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಎದ್ದುಹೋದವಳು ನಾನು, ಹಿಂಬಾಗಿಲಿನಿಂದ, ಕಳ್ಳಿಯ ಹಾಗೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನ್ನದು ಪದ್ಯವಾಗಿ ಹೋಯಿತು. ಅಂದಿನಿಂದ ಅರ್ಧ ಬಾಗಿಲು ಹಾಕಿಕೊಂಡೇ ಕೆಲಸ ಮಾಡುತ್ತಿದ್ದೇನೆ.

ಸೊಸೆಗೆ ನನ್ನ ಆಶೀರ್ವಾದ ಹೇಳು. ಮೊಮ್ಮಗಳ ಫ್ರಾಕಿಗೆ ಅಳತೆ ಕಳಿಸು. ಬರೆದೇ ಕಳಿಸು, ಅವಳ ಮೇಲೆ ನಾನು ಏನೂ ಕಟ್ಟುವುದಿಲ್ಲ. ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಡಂ ಬಂದರು, ಕೈಯಲ್ಲಿ ಕೋಟುಗಳ ಗಂಟು. "ಹತ್ತಿ ತೆಗೆದುಬಿಡಮ್ಮಾ, ಇನ್ನು ಯಾರಿಗೆ ಮುಚ್ಚಿಡೋದು" ಅಂದರು. ತೊಟ್ಟಿದ್ದ ಕೋಟನ್ನೇ ಮೊದಲು ಬಿಚ್ಚಿಕೊಟ್ಟರು. ತೆಗೆದೆ. ಮತ್ತೆ ತೊಟ್ಟು ಕನ್ನಡಿ ಮುಂದೆ ನಿಂತರೆ ಕೋಟಿನ ಎಡ ತೋಳು ಬೆರಳಿನವರೆಗೆ ಇಳಿಯಿತು. ಗಿಡ್ಡ ಮಾಡಲು ಟೇಪು ಹಿಡಿದೆ, ಬಾಯಿಗೆ ಒಂದು ಸಾಲೂ ಬರಲಿಲ್ಲ. ತಪ್ಪಾಯಿತು ಅನ್ನಲೂ ಬರಲಿಲ್ಲ. ಅವರೇ ಕೇಳಿದರು, "ಬಾವಿಯ ನೋಡಿತ್ತು ಅಂದ್ಯಲ್ಲ, ಆ ಹೆಗಲಿಗೆ ಅಲ್ಲಿ ಏನು ಕಾಣ್ತು?" ನಕ್ಕು ಕೇಳಿದರೋ ನೊಂದು ಕೇಳಿದರೋ ಗೊತ್ತಿಲ್ಲ, ನಾನು ತಲೆ ಎತ್ತಲಿಲ್ಲ. "ನಿಂಗೆ ಗೊತ್ತಿಲ್ದಿದ್ರೆ ಮಗನ್ನ ಕೇಳು" ಅಂತ ಹೇಳಿ ಹೋದರು. ಉಳಿದ ಕೋಟುಗಳನ್ನು ಭಾನುವಾರ ಅವರ ಮನೆಗೆ ತಲುಪಿಸಬೇಕು. ಒಬ್ಬಳೇ ಆ ಬಾಗಿಲು ತಟ್ಟಲಾರೆ ಗುಂಡಣ್ಣಾ. ಗಂಟು ನಾನು ಹೊರುತ್ತೇನೆ, ಉತ್ತರ ನೀನು ತಾ. ಉತ್ತರ ಸಿಗದಿದ್ದರೂ ಬಾ.