ಮೇಷ್ಟ್ರ ಬ್ರಾಂಚು

ಅಕ್ಟೋಬರ್ 9, ಬೆಳಿಗ್ಗೆ

ಹಾಲು ಉಕ್ಕಿತು. ಒಲೆ ಒರೆಸುವಷ್ಟರಲ್ಲಿ ಕಾಫಿ ತಣ್ಣಗಾಯಿತು. ಆಫೀಸಿಗೆ ಹೊರಡುವ ಮುಂಚೆ ಸಿಗುವುದೇ ಒಂದಿಷ್ಟು ಹೊತ್ತು, ಅದರಲ್ಲಿ ಅರ್ಧ ಹೀಗೆ ಹಾಳು. ಲ್ಯಾಪ್‌ಟಾಪ್ ತೆರೆದರೆ — ಮೇಷ್ಟ್ರು ಮತ್ತೆ ಮರ್ಜ್ ಮಾಡಿದ್ದಾರೆ, ನಮ್ಮ ಪ್ರೋಗ್ರಾಮಿಗೆ ಬದಲಾವಣೆ ಸೇರಿಸಿದ್ದಾರೆ. ಯಾವುದನ್ನು? ಎಂದೋ ಸೇರಿಸಿ ಮುಗಿಸಿದ ಬ್ರಾಂಚನ್ನು, ಬದಲಾವಣೆ ಬರೆದಿಡುವ ಪಕ್ಕದ ಪ್ರತಿಯನ್ನು! ಚೇಂಜ್‌ಲಾಗಿನಲ್ಲಿ, ಏನೇನು ಬದಲಾಯಿತೆಂದು ಬರೆದಿಡುವ ಪಟ್ಟಿಯಲ್ಲಿ, ಹೊಸ ಸಾಲು ಬೇರೆ: "ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದರೂ ಈಗ ಸರಿಯಾಗಿ ಓದುತ್ತದೆ." ಅದು ನಾನು ಈ ಕೆಲಸಕ್ಕೆ ಕೈಹಾಕುವ ಮುಂಚೆಯೇ ಆದ ದುರಸ್ತಿ. ಮಾಡಿದವರೂ ಅವರೇ.

ಯಾರಿಗೂ ಹೇಳದೆ ವಾಪಸ್ ತೆಗೆದೆ. ಹೋದ ವಾರವೂ ಇಂಥದ್ದೇ ಒಂದು ತೆಗೆದಿದ್ದೆ. ಕಣ್ತಪ್ಪು. ಯಾರಿಗಿಲ್ಲ?

ಅಕ್ಟೋಬರ್ 16

ರಿಲೀಸ್, ಹೊಸ ಆವೃತ್ತಿ ಜನಕ್ಕೆ ಹೋಗುವ ದಿನ. ನಮ್ಮ ಪದ್ಧತಿ ಎಂದಿನಂತೆ: ಮೇಷ್ಟ್ರು ಫೋನಿನಲ್ಲಿ ಚೇಂಜ್‌ಲಾಗನ್ನು ಒಂದೊಂದೇ ಸಾಲು ಜೋರಾಗಿ ಓದುವುದು, ಆ ಬದಲಾವಣೆ ಕೋಡಿನಲ್ಲಿ ನಿಜವಾಗಿ ಇದೆಯೇ ಎಂದು ನಾನು ಹುಡುಕಿ ನೋಡಿ "ಇದೆ" ಅನ್ನುವುದು. ಆಮೇಲೇ ಮುಂದಿನ ಸಾಲು. "ಕಣ್ಣು ತನಗೆ ಬೇಕಾದ್ದನ್ನ ಓದ್ಕೊಂಡು ಹೋಗಿಬಿಡುತ್ತೆ ಕಣಮ್ಮ. ಕಿವಿಗೆ ಮೋಸ ಮಾಡೋದು ಕಷ್ಟ" ಅನ್ನುತ್ತಾರೆ ಯಾವಾಗಲೂ.

ಇವತ್ತು ಒಂದೇ ಸಾಲನ್ನು ಮೂರು ಸಲ ಓದಿದರು. ಮೂರು ಸಲವೂ "ಇದೆ" ಅಂದೆ. ಕೊನೆಗೆ, "ಇದು ಯಾವ ರಿಲೀಸಮ್ಮ?" ಅಂದರು. ನಕ್ಕೆ. ಅವರು ನಗಲಿಲ್ಲ.

ಗಂಡ ಬಾಗಿಲಲ್ಲಿ ಕೂತು ಷೂ ಹಾಕಿಕೊಳ್ಳುತ್ತಿದ್ದ. "ಈ ಮೂರು ಕಾಸಿನ ಲಾಭ ಇಲ್ದಿರೋ ಕ್ಯಾಲೆಂಡರ್‌ಗೆ ಇಷ್ಟೊಂದು ಪಾರಾಯಣಾನಾ?" ಎಂದ. ಇವನಿಗೆ ಎಷ್ಟು ಹೇಳಿದರೂ ಅಷ್ಟೇ. ಇವತ್ತಿಗೆ ಒಂದು ತಿಂಗಳಾದರೆ ಯಾವ ತಾರೀಖು ಎಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಅಷ್ಟೇ. ಆದರೆ ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಮ್ಮ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇಟ್ಟುಕೊಳ್ಳಬಹುದು. ಎಲ್ಲೆಲ್ಲಿ ಇಟ್ಟುಕೊಂಡಿದ್ದಾರೋ ನಮಗೇ ಗೊತ್ತಿಲ್ಲ. ಅದಕ್ಕೇ ಪಾರಾಯಣ.

ಅಕ್ಟೋಬರ್ 30

ಅನಾಹುತ. ಮೇಷ್ಟ್ರು ಅರ್ಧಂಬರ್ಧ ಬ್ರಾಂಚೊಂದನ್ನು ಮುಖ್ಯ ಬ್ರಾಂಚಿಗೆ ಸೇರಿಸಿಬಿಟ್ಟಿದ್ದಾರೆ. ಮುಖ್ಯ ಬ್ರಾಂಚಿನಿಂದಲೇ ತಾನೇ ಜನಕ್ಕೆ ಹೋಗುವುದು. ಬೆಳಿಗ್ಗೆಯಿಂದ ಬೈಗುಳದ ಸುರಿಮಳೆ. ಆಫೀಸಿನ ಶೌಚಾಲಯದಲ್ಲಿ ಕೂತು ಫೋನಿನಲ್ಲೇ ಸರಿಮಾಡಿದೆ. ಹೊರಗೆ ಯಾರೋ ಬಾಗಿಲು ಬಡಿದೂ ಬಡಿದೂ ಹೋದರು.

ಗಡ್ಡ ಬರೆದ. (ನಮ್ಮ ಮೂರನೆಯವನು, ಮುಖ ನೋಡಿಲ್ಲ, ಫೋಟೋದಲ್ಲಿ ಬರೀ ಗಡ್ಡ.) "ಅವ್ರ ಪರ್ಮಿಷನ್ ತೆಗೆದುಬಿಡಿ. ಪಾಪ ಅನ್ಕೊಂಡು ಕೂತ್ರೆ ಎಲ್ಲಾ ಮುಳುಗುತ್ತೆ."

ಮೇಷ್ಟ್ರ ಪರ್ಮಿಷನ್ ತೆಗೆಯುವುದಂತೆ! ಇದನ್ನು ಹುಟ್ಟಿಸಿದವರೇ ಅವರು. ಹವಾಮಾನ ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಊಟದ ಬಿಡುವಿನಲ್ಲಿ ಬರೆದದ್ದು. ಮೇಷ್ಟ್ರು ಅಂತ ಹೆಸರಿಟ್ಟವಳು ನಾನು — ಮೊದಲ ಸಲ ಕಳಿಸಿದ ನನ್ನ ಕೋಡನ್ನು ಸಾಲು ಸಾಲಿಗೂ ತಿದ್ದಿ ವಾಪಸ್ ಕಳಿಸಿದ್ದರು, ಕೊನೆಯಲ್ಲಿ "ಬಿಡಬೇಡಿ, ಮತ್ತೆ ಕಳಿಸಿ" ಎಂದು ಬರೆದು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ದಡ್ಡಿ ಎಂದು ಪಕ್ಕಕ್ಕಿಟ್ಟಿದ್ದ ಕಾಲ ಅದು. ಅಂಥವರ ಕೈಯಿಂದ ಕೀಲಿಕೈ ಕಸಿಯಲೇ? ನನ್ನಿಂದಾಗದು.

ನವೆಂಬರ್ 2

ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ. ದನಿ ತಗ್ಗಿಸಿ ಮಾತಾಡಿದರು.

"ಡಾಕ್ಟ್ರು ಹೇಳಿದಾರೆ ಕಣಮ್ಮ. ಮರೆವು ಇನ್ನು ಜಾಸ್ತೀನೇ ಆಗೋದು, ಕಮ್ಮಿ ಆಗಲ್ವಂತೆ. ಮೊನ್ನೆ ನನ್ನನ್ನೇ ಯಾರು ಬೇಕಿತ್ತು ಅಂತ ಕೇಳಿದ್ರು. ಆದ್ರೆ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತ್ರೆ ನೋಡು, ಮೊದಲಿನ ಮನುಷ್ಯರೇ. ಅದೊಂದೇ ಅವ್ರನ್ನ ಹಿಡಿದು ನಿಲ್ಲಿಸಿರೋದು. ಅದನ್ನ ಮಾತ್ರ ಕಿತ್ಕೋಬೇಡಿ."

"ಇಲ್ಲ ಅಮ್ಮ, ನಾನಿರೋವರೆಗೂ ಇಲ್ಲ" ಅಂದೆ. ಎಷ್ಟು ಧಾರಾಳ ನನ್ನ ನಾಲಿಗೆ.

ನವೆಂಬರ್ 5

ಗಂಡನದು ಲಿಫ್ಟ್ ರಿಪೇರಿ ಕೆಲಸ. ಬೈದುಕೊಳ್ಳುತ್ತಾ ಬಂದ — ಯಾವುದೋ ಕಟ್ಟಡದಲ್ಲಿ ಬಾಗಿಲು ಮುಚ್ಚುವ ಬಟನ್ ಕೆಲಸ ಮಾಡುತ್ತಿಲ್ಲವೆಂದು ದೂರು ಕೊಟ್ಟಿದ್ದರಂತೆ.

"ಅದು ಯಾವತ್ತೂ ಕೆಲಸ ಮಾಡಿಲ್ಲ ಕಣೇ. ವೈರೇ ಕೊಟ್ಟಿಲ್ಲ ಅದಕ್ಕೆ. ಒತ್ತಿದ್ರೆ ದೀಪ ಹತ್ತುತ್ತೆ, ಅಷ್ಟೇ. ಬಾಗಿಲು ತನ್ನ ಪಾಡಿಗೆ ಮುಚ್ಕೊಳ್ಳುತ್ತೆ. ಒತ್ತಿದವ್ರಿಗೊಂದು ಸಮಾಧಾನ."

"ಮತ್ತೆ ದೂರು ಯಾಕೆ ಕೊಟ್ರು?"

"ದೀಪ ಹೋಗಿತ್ತು."

ಊಟದ ತಟ್ಟೆ ಮುಂದೆ ಹಾಗೇ ಕೂತುಬಿಟ್ಟೆ.

ನವೆಂಬರ್ 6

ಮಾಡಿದೆ. ಮೇಷ್ಟ್ರ ಹೆಸರಿನಲ್ಲೇ ಒಂದು ಬ್ರಾಂಚು. ಅವರು ಏನು ಬರೆದರೂ ಅಲ್ಲಿಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. "ಇನ್ಮೇಲೆ ಎಲ್ಲರೂ ಅವರವರ ಬ್ರಾಂಚಲ್ಲೇ ಕೆಲಸ, ಮುಖ್ಯದಕ್ಕೆ ನಾನು ಸೇರಿಸ್ತೀನಿ, ಹೊಸ ನಿಯಮ" ಎಂದು ಹೇಳಿದೆ. "ಒಳ್ಳೇದಾಯ್ತು, ಶಿಸ್ತು ಬಂತು" ಅಂದರು. ಖುಷಿಯಿಂದಲೇ ಅಂದರು. ಇವನಿಗೆ ಹೇಳಿದರೆ ನಕ್ಕ. ನಾನೂ ನಕ್ಕೆ. 

ನವೆಂಬರ್ 28

ಮೂರು ವಾರ ನೆಮ್ಮದಿ. ಒಳಗಿನ ಲೆಕ್ಕವನ್ನೆಲ್ಲ ಹೊಸದಾಗಿ ಬರೆದು ಮುಗಿಸಿದೆ. ವರ್ಷಗಳ ಕನಸು. ಮೊದಲಿನದಕ್ಕಿಂತ ಎಷ್ಟೋ ಚುರುಕು. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವ ಹಳೆಯ ಟೆಸ್ಟುಗಳು ಕೆಲವು ಹೊಸದಕ್ಕೆ ಹೊಂದಲಿಲ್ಲ, ಆಚೆ ಹಾಕಿದೆ. ಮುಖ್ಯ ಬ್ರಾಂಚಿಗೆ ಸೇರಿಸಿದೆ. ಗಡ್ಡ ಚಪ್ಪಾಳೆ ಕಳಿಸಿದ. ಮೇಷ್ಟ್ರು ದಿನಾ ತಮ್ಮ ಬ್ರಾಂಚಿನಲ್ಲಿ ಏನೋ ಮಾಡುತ್ತಾರೆ, "ಸೇರಿಸ್ದೆ ಮೇಷ್ಟ್ರೆ" ಎಂದು ದಿನಾ ಬರೆಯುತ್ತೇನೆ. ಮೊದಲು ಓದಿ ಬರೆಯುತ್ತಿದ್ದೆ. ಈಗ ಓದುವುದಿಲ್ಲ. ಟೈಮೆಲ್ಲಿದೆ?

ಡಿಸೆಂಬರ್ 18

ಮೇಷ್ಟ್ರ ಹೊಸ ಸಾಲು: "ತಿಂಗಳ ಕೊನೆಯ ದಿನಕ್ಕೆ ಒಂದು ತಿಂಗಳು ಕೂಡಿಸಿದರೆ ಮುಂದಿನ ತಿಂಗಳನ್ನೇ ಹಾರಿಹೋಗುತ್ತಿತ್ತು. ಸರಿಪಡಿಸಿದೆ."

ಪಾಪ. ಅದು ಹಳೇ ಕತೆ. ಚೇಂಜ್‌ಲಾಗಿನಲ್ಲಿ ಕೆಳಗೆ, ತೀರಾ ಕೆಳಗೆ, ಅವರೇ ಬರೆದ ಇದೇ ಸಾಲು ಇದೆ. ಮತ್ತೆ ಅದೇ ಬಾವಿಗೆ ಇಳಿದಿದ್ದಾರೆ. "ಸೇರಿಸ್ದೆ ಮೇಷ್ಟ್ರೆ."

ಡಿಸೆಂಬರ್ 19

ಅದೇ ವಿಷಯಕ್ಕೆ ಫೋನ್. ಬಸ್ಸಿನಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಕಂಬಿ.

"ಅದನ್ನ ಬೇಗ ಕಳಿಸಮ್ಮ. ಫೆಬ್ರವರಿಗೆ ಮುಂಚೆ ಹೋಗ್ಬೇಕು, ಆ ತಿಂಗಳಿಗೆ ಮೂವತ್ತೊಂದನೇ ತಾರೀಖೇ ಇಲ್ವಲ್ಲ. ಟೆಸ್ಟೂ ಬರ್ದಿಟ್ಟಿದೀನಿ, ಒಂದ್ಸಲ ಓಡಿಸಿ ನೋಡು."

"ಆಯ್ತು ಮೇಷ್ಟ್ರೆ, ಓಡಿಸ್ತೀನಿ."

"ಮರೀಬೇಡ."

ಮರೆಯಬಾರದಂತೆ ನಾನು! ಇವನಿಗೆ ಹೇಳಿ ನಗಬೇಕೆಂದುಕೊಂಡೆ. ಹೇಳಲಿಲ್ಲ. ಓಡಿಸಲೂ ಇಲ್ಲ.

ಜನವರಿ 3

ಹೊಸ ರಿಲೀಸ್ ಹೋಯಿತು. ಈ ಸಲ ಫೋನಿನಲ್ಲಿ ಓದುವುದನ್ನು ಬಿಟ್ಟೆ. ಹಿಂದಿನ ಸಲವೇ ಜೀವ ಹಿಂಡಿತ್ತು. ಸಾಯಂಕಾಲದವರೆಗೆ ಬರೀ ಹೊಗಳಿಕೆ. ತಲೆ ಸ್ವಲ್ಪ ತಿರುಗಿದ್ದೂ ಹೌದು.

ಬಟ್ಟೆ ಒಣಗಿ ಹಾಕುತ್ತಿದ್ದಾಗ ಮೇಷ್ಟ್ರ ಫೋನ್.

"ಚೇಂಜ್‌ಲಾಗ್ ನೋಡ್ದೆ. ಚೆನ್ನಾಗಿದೆ. ಆದ್ರೆ ನನ್ನ ಸಾಲು ಕಾಣ್ಲಿಲ್ಲ ಕಣಮ್ಮ. ತಿಂಗಳ ಕೊನೇದು."

ಬಾಯಲ್ಲಿ ಬಟ್ಟೆ ಕ್ಲಿಪ್ಪು. ತೆಗೆದು ಅಂದೆ: "ಇದೆಯಲ್ಲ ಮೇಷ್ಟ್ರೆ, ಈ ರಿಲೀಸಿನ ಪಟ್ಟಿ ಕೊನೇಲಿದೆ ನೋಡಿ."

 ಮೌಸ್ ತಿರುಗಿಸುವ ಸದ್ದು ಕೇಳುತ್ತಿತ್ತು. ಆಮೇಲೆ —

"ಹೌದಾ. ನೀನು ಹೇಳಿದ್ಮೇಲೆ ಇದ್ದೇ ಇರುತ್ತೆ. ನನಗೇ ಕಾಣ್ತಿಲ್ಲ."

ಇಟ್ಟರು. ಬಟ್ಟೆ ಒಣಗಿಹಾಕಿ ಮುಗಿಸಿದೆ. ಒಂದು ಸಾಲಿನ ವಿಷಯ. ನಾಳೆಗೆ ಮರೆತಿರುತ್ತಾರೆ.

ಮಾರ್ಚ್ 11, ಬೆಳಿಗ್ಗೆ

ಎರಡು ತಿಂಗಳಾಯಿತು ಈ ಡೈರಿ ಮುಟ್ಟಿ. ಬರೆಯುವಂಥದ್ದು ಇರಲಿಲ್ಲ, ಚೆನ್ನಾಗಿದ್ದೆ.

ಒಂದು ಈಮೇಲ್. ಯಾವುದೋ ಕಣ್ಣಿನ ಕ್ಲಿನಿಕ್ಕಿನ ರಿಸೆಪ್ಷನ್ ಹೆಂಗಸು. ನಯವಾಗಿಯೇ ಬರೆದಿದ್ದಾಳೆ. ಅಲ್ಲಿ ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಬರುವವರಿದ್ದಾರೆ. ಯಾರನ್ನು ಯಾವತ್ತು ಕರೆಯಬೇಕೆಂದು ಕಂಪ್ಯೂಟರೇ ಪಟ್ಟಿ ಕೊಡುತ್ತದೆ. ಜನವರಿ ಕೊನೆಯಲ್ಲಿ ಬಂದವರು ಫೆಬ್ರವರಿ ಪಟ್ಟಿಯಲ್ಲಿ ಬರಲೇ ಇಲ್ಲ. ಫೆಬ್ರವರಿಯಲ್ಲಿ ಬಂದಿಲ್ಲವೆಂದು ಮಾರ್ಚ್ ಪಟ್ಟಿಯಲ್ಲೂ ಇಲ್ಲ. ಅವರ ಸಾಫ್ಟ್‌ವೇರಿನವನು ಬಗೆದು ಬಗೆದು ನೋಡಿ ನಮ್ಮ ಹೆಸರು ಹೇಳಿದನಂತೆ.

"ನಿಮ್ಮ ಹೊಸ ಆವೃತ್ತಿಯಲ್ಲಿ ಏನಾದರೂ ಬದಲಾಗಿದೆಯೇ? ಚೇಂಜ್‌ಲಾಗಿನಲ್ಲಿ ಏನೂ ಕಾಣಲಿಲ್ಲ."

ತಿಂಗಳ ಕೊನೆ.  ಆಫೀಸಿಗೆ ರಜೆ ಹೇಳಿದೆ.

ಅದೇ ದಿನ, ಮಧ್ಯಾಹ್ನ

ಮೇಷ್ಟ್ರ ಬ್ರಾಂಚು ತೆರೆದೆ. ಆ ಟೆಸ್ಟ್ ಓಡಿಸಿದೆ. ಮುಖ್ಯ ಬ್ರಾಂಚಿನಲ್ಲಿ — ಫೇಲ್. ಅವರದರಲ್ಲಿ — ಪಾಸ್.

ಹಳೆಯ ದುರಸ್ತಿಯನ್ನು ಮರೆತು ಮತ್ತೆ ಮಾಡಿದ್ದಲ್ಲ ಅವರು. ನಾನು ಹೊಸದಾಗಿ ಬರೆಯುವಾಗ ಆ ದುರಸ್ತಿಯನ್ನೇ ಬಿಟ್ಟಿದ್ದೆ. ಅದನ್ನು ಹಿಡಿಯಬೇಕಿದ್ದ ಟೆಸ್ಟನ್ನೂ ನಾನೇ ಆಚೆ ಹಾಕಿದ್ದೆ. ಕಂಡದ್ದು ಅವರೊಬ್ಬರಿಗೆ. ಹೇಳಿದರು. ಮತ್ತೆ ಹೇಳಿದರು. ಮರೀಬೇಡ ಅಂದರು. ನಾನು ದೀಪ ಹತ್ತಿಸಿದೆ.

ಥೂ ನನ್ನ ಜನ್ಮಕ್ಕೆ.

ಮಾರ್ಚ್ 12

ಮೇಷ್ಟ್ರ ದುರಸ್ತಿಯನ್ನು ಹಾಗೇ ಎತ್ತಿ ಸೇರಿಸಿದೆ. ಒಂದು ಅಕ್ಷರ ಬದಲಿಸಬೇಕಾಗಲಿಲ್ಲ. ಗಡ್ಡ ಹೇಳುತ್ತಾನೆ: "ಚೇಂಜ್‌ಲಾಗಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಅಂತ ಹಾಕಿ ಕಳಿಸಿ. ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರಿ?" 

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಬಿಟ್ಟುಹೋದವರನ್ನೆಲ್ಲ ಹುಡುಕಿ ಕರೆಸಿದರಂತೆ. "ಎಲ್ಲರೂ ಚೆನ್ನಾಗಿದಾರಾ?" ಅಂದೆ.

"ಒಬ್ಬ ಅಜ್ಜಿ ಇದಾರೆ ಮೇಡಂ. ಪೇಪರ್ ಓದ್ತಿದ್ರು, ಈಗ ನಡುವೆ ಕಪ್ಪು ಕಾಣುತ್ತಂತೆ. ವಾಪಸ್ ಬರುತ್ತೋ ಇಲ್ವೋ ಡಾಕ್ಟ್ರು ಏನೂ ಹೇಳ್ತಿಲ್ಲ. ಅವ್ರು ನನ್ನನ್ನ ಕೇಳಿದ್ರು, ಯಾಕಮ್ಮ ಈ ಸಲ ಕರೀಲೇ ಇಲ್ಲ ಅಂತ."

"ನೀವೇನಂದ್ರಿ?"

"ಏನು ಹೇಳ್ಲಿ? ಕಂಪ್ಯೂಟರ್ ಹೇಳ್ಲಿಲ್ಲ ಅಜ್ಜಿ ಅಂದೆ."

ಇವನು ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಎಲ್ಲ ಹೇಳಿದೆ. ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತ. "ಹೋಗಿ ಅವ್ರಿಗೆ ಮುಖ ತೋರಿಸ್ಬಾ" ಎಂದ.

ಮಾರ್ಚ್ 14, ವಾಪಸ್ ರೈಲಿನಲ್ಲಿ

ಮೇಷ್ಟ್ರ ಮನೆ ಮೂರನೇ ಮಹಡಿ. ಬಾಗಿಲು ತೆಗೆದವರು ಅವರ ಹೆಂಡತಿ, ಅಮ್ಮ. ಮೇಷ್ಟ್ರು ಊಟದ ಮೇಜಿನಲ್ಲಿ ಬಟಾಣಿ ಸುಲಿಯುತ್ತಿದ್ದರು. ಕಾಳು ಸಿಪ್ಪೆಯ ಪಾತ್ರೆಗೆ, ಸಿಪ್ಪೆ ಕಾಳಿನ ಪಾತ್ರೆಗೆ. ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್. ಅದರ ಮೇಲೆ ದಿಂಬಿನ ಕವರು.

"ಕೆಟ್ಟಿದ್ಯಾ?" ಅಂದೆ.

"ಇಲ್ಲಮ್ಮ. ಇವ್ರೇ ಮುಚ್ಚಿಟ್ರು. ವರ್ಷದ ಶುರುವಲ್ಲಿ ನಿನ್ಹತ್ರ ಮಾತಾಡಿದ್ರಲ್ಲ, ಅವತ್ತೇ. 'ಇರೋ ಸಾಲೇ ನನ್ನ ಕಣ್ಣಿಗೆ ಕಾಣ್ತಿಲ್ಲ, ಇನ್ನು ನಾನು ಮುಟ್ಟಿದ್ರೆ ಕೆಡಿಸ್ತೀನಿ' ಅಂದ್ರು. ಆಮೇಲೆ ಆ ಕಡೆ ಹೋಗ್ಲೇ ಇಲ್ಲ." ದನಿಯಲ್ಲಿ ದೂರಿರಲಿಲ್ಲ. "ನೀನು ಕೊನೇವರೆಗೂ ಬಿಡ್ಲಿಲ್ಲ ಬಿಡು. ನಿನ್ನ ಋಣ ದೊಡ್ಡದು."

ಜನವರಿ ಮೂರರ ನಂತರ ಅವರ ಬ್ರಾಂಚಿನಲ್ಲಿ ಒಂದೇ ಒಂದು ಹೊಸ ಬದಲಾವಣೆ ಇಲ್ಲ. ಎರಡು ತಿಂಗಳು. ನಾನು ಗಮನಿಸಿಯೇ ಇಲ್ಲ.

ಅಮ್ಮ ಒಳಗೆ ಹೋದ ಮೇಲೆ ಮೇಷ್ಟ್ರ ಎದುರು ಕೂತೆ. "ಮೇಷ್ಟ್ರೆ, ನಿಮ್ಮ ಸಾಲು ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ. ನಿಮ್ಮ ಕಣ್ಣು ಸರಿಯಾಗೇ ಇತ್ತು."

ತಲೆಯೆತ್ತಿ ನೋಡಿದರು. ಎಷ್ಟು ಮೆದು ಮುಖ. "ಇಲ್ಲಮ್ಮ, ಇತ್ತು" ಅಂದರು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. "ನನ್ನ ಹುಡುಗಿ ಒಬ್ಬಳಿದಾಳೆ, ಎಲ್ಲಾ ನೋಡ್ಕೊಳ್ತಾಳೆ. ಅವಳು ಇದೆ ಅಂದ್ಲು."

ಬಟಾಣಿ ಸುಲಿದುಕೊಟ್ಟು ಬಂದೆ. ಅಷ್ಟೇ ಮಾಡಲು ಆದದ್ದು. ಅಮ್ಮನಿಗೆ ಹೇಳಲಿಲ್ಲ, ಬಾಗಿಲವರೆಗೂ ಬಂದು ಕೈ ಹಿಡಿದುಕೊಂಡಿದ್ದರು.

ಮಾರ್ಚ್ 16, ಬೆಳಿಗ್ಗೆ

ಚೇಂಜ್‌ಲಾಗ್ ಬರೆದೆ. ಮೊದಲ ಸಾಲೇ ಅದು: "ತಿಂಗಳ ಕೊನೆಯ ದಿನಕ್ಕೆ ಒಂದು ತಿಂಗಳು ಕೂಡಿಸಿದರೆ ಮುಂದಿನ ತಿಂಗಳನ್ನೇ ಹಾರಿಹೋಗುತ್ತಿತ್ತು. ತಪ್ಪು ನನ್ನದು. ಡಿಸೆಂಬರಿನಲ್ಲೇ ಕಂಡು ಸರಿಪಡಿಸಿದವರು ಮೇಷ್ಟ್ರು. ಸೇರಿಸಿದೆನೆಂದು ಹೇಳಿ ಸೇರಿಸದೆ ಬಿಟ್ಟವಳು ನಾನು." ಇದರ ಒಂದು ಪ್ರತಿ ಆ ರಿಸೆಪ್ಷನ್ ಹೆಂಗಸಿಗೂ. ಅಜ್ಜಿ ಮತ್ತೆ ಕೇಳಿದರೆ ಹೇಳಲಿ.

ಕಳಿಸುವ ಮುಂಚೆ ಮೇಷ್ಟ್ರಿಗೆ ಫೋನ್ ಮಾಡಿದೆ. ಪದ್ಧತಿ ಪದ್ಧತಿಯೇ. ಈ ಸಲ ಓದುವವಳು ನಾನು. ಅಮ್ಮ ಅವರ ಕಿವಿಗೆ ಹಿಡಿದರು.

ಓದಿದೆ. ನಿಧಾನವಾಗಿ, ಒಂದೂ ಪದ ನುಂಗದೆ.

 ಆ ಕಡೆಯಿಂದ ಹಳೆಯ ದನಿ, ಮೊದಲಿನದೇ: "ಒಳ್ಳೇ ಕೆಲಸ. ಫೆಬ್ರವರೀನ ನೆನಪಿಟ್ಕೊಂಡು ಮಾಡಿದಾರೆ. ಯಾರದಮ್ಮ ಇದು?"

"ನಿಮ್ದೇ ಮೇಷ್ಟ್ರೆ."

"ನಂದಾ?" ಅಂದರು. "ಸರಿ. ನೀನು ಹೇಳಿದ್ಮೇಲೆ ಇದ್ದೇ ಇರುತ್ತೆ."

ಜನವರಿಯಲ್ಲೂ ಇದೇ ಮಾತು. ಇದೇ ದನಿ.

"ಮುಂದಿನ ಸಾಲು ಓದು" ಅಂದರು. ಓದಬೇಕು. ಅದು ಕೋಡಿನಲ್ಲಿ ನಿಜವಾಗಿ ಇದೆಯೇ ಎಂದು ಮೊದಲು ನಾನೇ ಹುಡುಕಿ ನೋಡಿದೆ, ಆಮೇಲೆ ಓದಿದೆ.