ದೊಡ್ಡಪ್ಪ ಹೊಗಳಿದ ಗ್ರಂಥಾಲಯ

ದೊಡ್ಡಪ್ಪ, ನಮಸ್ಕಾರ.

ನೀವು ಬಾಯಿ ತುಂಬ ಹೊಗಳಿದ ಹಳೆಯ ಗ್ರಂಥಾಲಯವನ್ನು ನೋಡಿಬಂದೆ. ಹಣಕಾಸು ಇಲಾಖೆಯ ಕಟ್ಟಡದ ಮೇಲಿನ ಮಹಡಿಯಲ್ಲಿದೆ. ಸೂರು ಮುಟ್ಟುವಷ್ಟು ಪುಸ್ತಕಗಳು, ಎಲ್ಲಕ್ಕೂ ಗಾಜಿನ ಬಾಗಿಲು, ಹಿತ್ತಾಳೆ ಬೀಗ. ಜವಾನ ಗಾಜನ್ನು ಮಾತ್ರ ಫಳಫಳ ಒರೆಸುತ್ತಿದ್ದ. ಓದಲು ಒಂದು ಪುಸ್ತಕ ಕೇಳಿದೆ. ಉಸ್ತುವಾರಿ ಅಧಿಕಾರಿ ಹುಬ್ಬೇರಿಸಿ, “ಓದೋಕಾ? ಅದಕ್ಕೆ ಯಾವ್ದಾದ್ರೂ ಲೈಬ್ರರಿಗೆ ಹೋಗಮ್ಮ. ಇಲ್ಲಿ ಮಂತ್ರಿಗಳು ಫೋಟೋ ತೆಗೆಸ್ಕೋತಾರೆ,” ಎಂದ. ಗೆದ್ದಲಿಗಾದರೂ ಒಳಗೆ ಹೋಗಲು ಅನುಮತಿ ಇದೆಯೇ ಎಂದು ಕೇಳಬೇಕಿತ್ತು.

ಮೆಟ್ಟಿಲು ಹತ್ತಿ ಮಂಡಿ ಊದಿದೆ, ಉಳಿದಂತೆ ಚೆನ್ನಾಗಿದ್ದೇನೆ. ಅಲ್ಲಿದ್ದಷ್ಟು ಹೊತ್ತೂ ನಡುಮನೆಯ ನಿಮ್ಮ ಪುಸ್ತಕಗಳ ಗಾಜಿನ ಬೀರುವೇ ಕಣ್ಣಮುಂದಿತ್ತು. ನಾನು ಬರುವಷ್ಟರಲ್ಲಿ ಅದರ ಕೀಲಿ ನಿಮ್ಮ ಸೊಂಟ ಬಿಟ್ಟು ಮೊಮ್ಮಕ್ಕಳ ಕೈ ಸೇರಿರಲಿ. ಬೇಕೆಂದೇ ಲಕೋಟೆಗೆ ಹಾಕದೆ ಕಾರ್ಡಿನಲ್ಲಿ ಬರೆದಿದ್ದೇನೆ. ಇದನ್ನಾದರೂ ಮನೆಯವರೆಲ್ಲ ಓದಲಿ.

ನಿಮ್ಮ ತಮ್ಮನ ಮಗಳು,
ಬಾಯಿಬಡುಕಿ