ಶನಿವಾರದ ಆರು ಚಕ್ರಗಳು

ಔಝಾಯಿ, ಬೈರೂತ್
೧೬ ಮೇ ೨೦೦೯, ಶನಿವಾರ

ಪ್ರೀತಿಯ ತಮ್ಮಾ ನಿಜಾರ್,

ಆಫ್ರಿಕಾದ ಆ ಆಬಿಜಾನಿನ ಸೆಕೆಯಲ್ಲಿ ಹೇಗಿದ್ದೀಯ? ಮಲೇರಿಯಾ ಮತ್ತೆ ಬಂದಿಲ್ಲ ತಾನೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನ ಸಂಗತಿ ಹೇಳಬೇಕಿತ್ತು. ಫೋನಿನಲ್ಲಿ ಹೇಳೋಣವೆಂದರೆ ಅವಳ ಕಿವಿ ನನ್ನ ಪಕ್ಕದಲ್ಲೇ ಇರುತ್ತದೆ.

ನಮ್ಮ ತಾರಸಿಗೆ ತಾಗಿಯೇ ಬಿಡುತ್ತವೇನೋ ಎನ್ನುವಷ್ಟು ತಗ್ಗಿನಲ್ಲಿ ವಿಮಾನಗಳು ಇಳಿಯುವಾಗ ನೀನು ಅಮ್ಮನಿಗೆ ಪಾಠ ಹೇಳಿದ್ದು ನೆನಪಿದೆಯೇ? ಎಂಜಿನ್ನಿನ ಬಾಯಿ ಕೆಳಗಡೆ ಚಪ್ಪಟೆಯಾಗಿದ್ದರೆ ಅದು ಹತ್ತಿರದೂರುಗಳ ಸಣ್ಣದು. ರೆಕ್ಕೆಯ ತುದಿ ಮೇಲಕ್ಕೆ ಬಾಗಿ, ಕಾಲಿಗೆ ನಾಲ್ಕು ಚಕ್ರವಿದ್ದರೆ ಪ್ಯಾರಿಸ್ಸಿನದು. ರೆಕ್ಕೆ ನೇರ, ಬಾಲದ ತುದಿ ಉಳಿಯ ಹಾಗೆ, ಕಾಲಿಗೆ ಆರಾರು ಚಕ್ರ ಇದ್ದರೆ, "ಅಮ್ಮಾ, ಅದು ನಂದು, ಆಬಿಜಾನಿಂದು." ಅಂದಿನಿಂದ ಶನಿವಾರ ಆರು ಚಕ್ರ ಕಂಡರೆ ಸಾಕು, ಒಲೆಯ ಮೇಲೆ ಬೇಳೆ ಸೀದರೂ ಸರಿ, ಬಿಳಿ ದುಪ್ಪಟಿ ಹಿಡಿದು ತಾರಸಿಗೆ ಓಡುತ್ತಿದ್ದಳು. ಮಗ ಒಳಗಿದ್ದರೆ ದುಪ್ಪಟಿ ಬೀಸುವುದು ನಮ್ಮ ಕೇರಿಯ ಪದ್ಧತಿ. ಮಗನಿಲ್ಲದ ವಿಮಾನಕ್ಕೂ ಬೀಸಿದವಳು ಇವಳೊಬ್ಬಳೇ. ಅಕ್ಕಪಕ್ಕದವರು ನಕ್ಕರೆ, "ಯಾರ ಮಗನಾದ್ರೂ ಇರ್ತಾನಲ್ಲ" ಅನ್ನುವಳು.

ನೀನಿಲ್ಲದೆ ಎರಡು ಈದ್ ಹೋದವು. ಕೊನೆಗೆ ನೀನು ಫೋನಿನಲ್ಲಿ ಅಮ್ಮನಿಗೆ, "ಇಲ್ಲಿಂದ ಬರೋ ವಿಮಾನಾನೇ ನಿಲ್ಲಿಸಿಬಿಟ್ಟಿದ್ದಾರಮ್ಮಾ" ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮುಂದಿನ ಶನಿವಾರವೇ ಆ ಆರು ಚಕ್ರದ್ದು ನಮ್ಮ ಕಿಟಕಿ ಗಾಜು ನಡುಗಿಸಿಕೊಂಡು ಬಂತು. ನಿನ್ನ ಬಣ್ಣ ಬಯಲಾಗಲಿ ಎಂದೇ ನಾನು ಅಮ್ಮನನ್ನು ಮೇಲಕ್ಕೆ ಕರೆದೆ. ಹಣೆಗೆ ಕೈಯಿಟ್ಟು ನೋಡಿ, "ನಾಲ್ಕೇ ಚಕ್ರ ಕಣೇ. ಪ್ಯಾರಿಸ್ಸಿಂದು" ಅಂದಳು. ಆಮೇಲೆ ಪ್ರತಿ ಶನಿವಾರವೂ ಅದೇ ಮಾತು. ದುಪ್ಪಟಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿದ್ದಾಳೆ. ಪೊರೆ ಬಂದಿರಬೇಕೆಂದು ಹೆದರಿ ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಬರಲು ಮನಸ್ಸಿಲ್ಲ ಅಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಕೇರಿಯ ಹುಡುಗರೆಲ್ಲ ಅದೇ ವಿಮಾನದಲ್ಲಿ ಬಂದು ಹೋಗುತ್ತಿರುವಾಗ ನಿನ್ನೊಬ್ಬನಿಗೆ ಮಾತ್ರ ಆಕಾಶ ಮುಚ್ಚಿತೇ? ನಿನ್ನ ಮೇಲೆ ನನಗೆ ತುಂಬಾ ಕೋಪವಿದೆ, ನಿಜಾರ್.

ರೀಮಳನ್ನು ಕೇಳಿದೆನೆಂದು ಹೇಳು, ನಿಮ್ಮಿಬ್ಬರ ಮಗುವಿಗೆ ಮುತ್ತು ಕೊಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕೋಪದಲ್ಲೂ ಇದು ಮನಸಾರೆ ಬರೆದದ್ದೇ.

ನಿನ್ನ ಅಕ್ಕ,
ವಿದಾದ್

ಮರೆತ ಮಾತು: ಪತ್ರ ಒಯ್ಯಲು ಪಕ್ಕದ ಮನೆಯ ಹಾತಿಮ್ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಇವತ್ತು ಅದೇ ವಿಮಾನದಲ್ಲಿ ನಿಮ್ಮೂರಿಗೆ ಹೊರಟವನು. ಅಮ್ಮ ನಿನಗೆಂದು ಎಣ್ಣೆಯಲ್ಲಿ ಹಾಕಿಟ್ಟ ಬದನೆಕಾಯಿ ಅವನ ಚೀಲಕ್ಕೆ ತುಂಬಿದಳು. ಹೇಗೆ ಹೋಗುತ್ತೀಯೆಂದು ಮಾತ್ರ ಅವನನ್ನು ಕೇಳಲಿಲ್ಲ. ಡಾಕ್ಟರು ಹೇಳಿದ್ದು ಬರೆಯಲೇ ಇಲ್ಲ ನೋಡು: ಅವಳ ಕಣ್ಣಿಗೆ ಏನೂ ಆಗಿಲ್ಲ, ಈಗಲೂ ಸೂಜಿಗೆ ದಾರ ಪೋಣಿಸುತ್ತಾಳೆ. ಬರುವ ದಾರಿಯಲ್ಲಿ ಮತ್ತೆ ಯಾಕೆ ನಾಲ್ಕು ಅಂತೀಯ ಎಂದು ಕೆದಕಿದೆ. "ಆರು ಅಂತ ನಾನೇ ಎಣಿಸಿದ್ರೆ, ನನ್ನ ಮಗ ಸುಳ್ಳ ಆಗ್ತಾನಲ್ಲೇ" ಅಂದಳು.